ವೇಗ ಹುಟ್ಟುವುದು ಅಂಗಾಲಿನಡಿ: ಸ್ಪ್ರಿಂಟ್ ಕಲಿಯುವವರಿಗೆ ಕಾಲಿನ ಪಾಠ

ಶಾಲಾ ಕ್ರೀಡಾಕೂಟದಲ್ಲಿ ನೂರು ಮೀಟರ್ ಓಟ ಶುರುವಾದರೆ ಸಾಕು, ಸುಣ್ಣದ ಗೆರೆಯಾಚೆಯಿಂದ ಒಂದೇ ಕೂಗು: 'ಕಾಲು ಬೇಗ ಬೇಗ ಹಾಕೋ!' ಕೂಗುವವರ ಕಾಳಜಿ ನಿಜ, ಸಲಹೆ ಮಾತ್ರ ಅರೆಬರೆ. ಅದನ್ನು ಕೇಳಿಸಿಕೊಂಡ ಹುಡುಗ ಭುಜ ಬಿಗಿದು, ಗದ್ದ ಮೇಲೆತ್ತಿ, ಹೆಜ್ಜೆಯನ್ನು ಇನ್ನಷ್ಟು ಮೊಟಕು ಮಾಡಿ ಪಟಪಟನೆ ನೆಲ ತಟ್ಟತೊಡಗುತ್ತಾನೆ. ಕಾಲೇನೋ ಬೇಗ ಆಡುತ್ತದೆ, ಮೈ ಮುಂದಕ್ಕೆ ಹೋಗುವುದಿಲ್ಲ. ಪಕ್ಕದ ಲೇನಿನ ಹುಡುಗ ಅಷ್ಟೇನೂ ಗಡಿಬಿಡಿಯಿಲ್ಲದೆ ಅವನನ್ನು ದಾಟಿಹೋಗುತ್ತಾನೆ. ಆ ಇನ್ನೊಬ್ಬನ ಕಾಲಿನಲ್ಲಿ ಏನು ನಡೆಯುತ್ತಿದೆ ಎಂಬುದೇ ಈ ಪಾಠ. ಸ್ಪ್ರಿಂಟ್ ಬಗ್ಗೆ ಏನೂ ಗೊತ್ತಿಲ್ಲದವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೇಳುತ್ತಿದ್ದೇನೆ, ಆದ್ದರಿಂದ ನಿಧಾನವಾಗಿ ಹೋಗೋಣ.

ಮೊದಲು ಸ್ವಲ್ಪ ಲೆಕ್ಕ. ಒಂದು ಹೆಜ್ಜೆಯ ಉದ್ದವನ್ನು ಸೆಕೆಂಡಿಗೆ ಬೀಳುವ ಹೆಜ್ಜೆಗಳ ಸಂಖ್ಯೆಯಿಂದ ಗುಣಿಸಿದರೆ ಬರುವುದೇ ವೇಗ. 2009ರ ಆಗಸ್ಟ್ 16ರಂದು ಬರ್ಲಿನ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜಮೈಕಾದ ಉಸೇನ್ ಬೋಲ್ಟ್ ನೂರು ಮೀಟರನ್ನು 9.58 ಸೆಕೆಂಡಿನಲ್ಲಿ ಮುಗಿಸಿದರು. ಹಾಕಿದ್ದು ಸುಮಾರು 41 ಹೆಜ್ಜೆ. ಸರಾಸರಿ ತೆಗೆದರೆ ಹೆಜ್ಜೆಯ ಉದ್ದ 2.44 ಮೀಟರ್, ಸೆಕೆಂಡಿಗೆ ನಾಲ್ಕೂಕಾಲು ಹೆಜ್ಜೆ. ಈಗ ಅದೇ ದೂರವನ್ನು 13.5 ಸೆಕೆಂಡಿನಲ್ಲಿ ಓಡುವ ಹೈಸ್ಕೂಲ್ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಅವನು 54 ಹೆಜ್ಜೆ ಹಾಕಿದರೆ ಸೆಕೆಂಡಿಗೆ ನಾಲ್ಕು ಹೆಜ್ಜೆಯಾಯಿತು. ಕಾಲಾಡಿಸುವ ಚುರುಕಿನಲ್ಲಿ ಅವನು ಬೋಲ್ಟ್‌ಗಿಂತ ಹಿಂದಿರುವುದು ಕಾಲು ಹೆಜ್ಜೆಯಷ್ಟೆ. ಹೆಜ್ಜೆಯ ಉದ್ದದಲ್ಲಿ ಮಾತ್ರ ಸುಮಾರು 60 ಸೆಂಟಿಮೀಟರ್ ಅಂತರ. ಬೋಲ್ಟ್ 1.95 ಮೀಟರ್ ಎತ್ತರದ ಆಳು, ಉದ್ದ ಕಾಲಿನ ಪಾಲು ಅದರಲ್ಲಿದೆ, ಒಪ್ಪೋಣ. ಆದರೆ ಅಷ್ಟೇ ಎತ್ತರದ ಎಷ್ಟೋ ಜನ ನಮ್ಮ ವಾಲಿಬಾಲ್ ಅಂಗಳಗಳಲ್ಲಿದ್ದಾರೆ. ಅವರ ಹೆಜ್ಜೆ ಅಷ್ಟು ಉದ್ದವಾಗುವುದಿಲ್ಲ.

ಹಾಗಾದರೆ ಕಾಲನ್ನು ದೂರ ದೂರ ಚಾಚಿದರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಹೊಸಬರು ಮೊದಲು ಎಡವುವುದೇ ಇಲ್ಲಿ. ಪಾದವನ್ನು ಮೈಗಿಂತ ಬಹಳ ಮುಂದೆ ಚಾಚಿ ಊರಿದರೆ ನೆಲ ನಿಮ್ಮನ್ನು ಹಿಂದಕ್ಕೆ ತಳ್ಳುತ್ತದೆ. ಪ್ರತಿ ಹೆಜ್ಜೆಗೂ ಬ್ರೇಕ್ ಒತ್ತಿ, ಮತ್ತೆ ಎಕ್ಸಲರೇಟರ್ ಕೊಟ್ಟ ಹಾಗೆ. ಹೆಜ್ಜೆಯ ಉದ್ದ ಎಂದರೆ ಕಾಲು ಎಷ್ಟು ಚಾಚಿತು ಎಂದಲ್ಲ. ಒಂದು ಪಾದ ಊರಿದ ಮೇಲೆ ಇನ್ನೊಂದು ಪಾದ ಊರುವಷ್ಟರಲ್ಲಿ ಇಡೀ ಮೈ ಎಷ್ಟು ದೂರ ಸಾಗಿತು ಎಂದು. ಮೈ ದೂರ ಸಾಗಬೇಕಾದರೆ ನೆಲಕ್ಕೆ ಬಲ ಕೊಡಬೇಕು. ಕೊಟ್ಟಷ್ಟೇ ಬಲವನ್ನು ನೆಲ ತಿರುಗಿ ಕೊಡುತ್ತದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ ನ್ಯೂಟನ್‌ನ ಮೂರನೇ ನಿಯಮ ಟ್ರ್ಯಾಕಿನಲ್ಲಿ ಕಾಲಿಗೇ ಅರ್ಥವಾಗುವುದು ಹೀಗೆ.

ಈ ಮಾತಿಗೆ ಅಳತೆಯ ಆಧಾರವಿದೆ. ಅಮೆರಿಕದ ಪೀಟರ್ ವೇಯಾಂಡ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಲವನ್ನು ಅಳೆಯುವ ಟ್ರೆಡ್‌ಮಿಲ್ ಮೇಲೆ 33 ಜನರನ್ನು ಅವರವರ ಗರಿಷ್ಠ ವೇಗದಲ್ಲಿ ಓಡಿಸಿದರು. ಅತ್ಯಂತ ನಿಧಾನದವರ ವೇಗ ಸೆಕೆಂಡಿಗೆ 6.2 ಮೀಟರ್, ಅತ್ಯಂತ ವೇಗದವರದು 11.1 ಮೀಟರ್. ಇಷ್ಟು ಅಂತರವಿದ್ದರೂ, ನೆಲ ಬಿಟ್ಟ ಕಾಲನ್ನು ಗಾಳಿಯಲ್ಲಿ ಹಿಂದಿನಿಂದ ಮುಂದಕ್ಕೆ ತರಲು ಹಿಡಿಯುವ ಹೊತ್ತು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಬೇರೆಯಾಗಿದ್ದದ್ದು ನೆಲಕ್ಕೆ ಕೊಟ್ಟ ಬಲ: ಮೈತೂಕಕ್ಕೆ ಹೋಲಿಸಿ ಲೆಕ್ಕ ಹಾಕಿದರೆ, ವೇಗದವರದು ನಿಧಾನದವರ ಬಲದ 1.26 ಪಟ್ಟು. ಅದನ್ನೂ ಅವರು ಇನ್ನೂ ಕಡಿಮೆ ಹೊತ್ತಿನಲ್ಲಿ ಕೊಡುತ್ತಿದ್ದರು.

ಈ ಕಡೆಯ ಮಾತಿನ ಹತ್ತಿರ ಸ್ವಲ್ಪ ನಿಲ್ಲೋಣ. ಪೂರ್ಣ ವೇಗದಲ್ಲಿರುವ ಉತ್ತಮ ಓಟಗಾರರ ಪಾದ ನೆಲದ ಮೇಲಿರುವುದು ಸೆಕೆಂಡಿನ ಹತ್ತನೇ ಒಂದು ಭಾಗ, ಅಥವಾ ಅದಕ್ಕೂ ಕಡಿಮೆ. ಅಷ್ಟರಲ್ಲಿ ಆ ಒಂದು ಕಾಲಿನ ಮೇಲೆ ಮೈತೂಕದ ನಾಲ್ಕೈದು ಪಟ್ಟು ಬಲ ಏರಿ ಇಳಿಯುತ್ತದೆ. ಅರವತ್ತು ಕಿಲೋ ತೂಗುವವರಿಗೆ ಅದು ಇನ್ನೂರೈವತ್ತು ಮುನ್ನೂರು ಕಿಲೋ ಹೊತ್ತಷ್ಟು. ಹೊತ್ತದ್ದು ಒಂದೇ ಕಾಲಿನ ಮೇಲೆ, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಇಷ್ಟು ಬಲ ಯಾಕೆ ಬೇಕು? ವೇಗ ಹೆಚ್ಚಿದಷ್ಟೂ ಪಾದದ ಮೇಲಿಂದ ಮೈ ಬೇಗ ದಾಟಿಹೋಗುತ್ತದೆ, ನೆಲ ಮುಟ್ಟಲು ಸಿಗುವ ಹೊತ್ತು ಕುಗ್ಗುತ್ತದೆ. ಆದರೆ ಇನ್ನೊಂದು ಕಾಲು ಸುತ್ತಿ ಮುಂದೆ ಬರಲು ಬೇಕಾದ ಹೊತ್ತು ಕುಗ್ಗುವುದಿಲ್ಲ. ಅದು ಬರುವವರೆಗೂ ಮೈ ಗಾಳಿಯಲ್ಲಿ ತೇಲುತ್ತಿರಬೇಕು. ಕಡಿಮೆ ಹೊತ್ತು ನೆಲ ಮುಟ್ಟಿ ಸಾಕಷ್ಟು ತೇಲಬೇಕೆಂದರೆ ಹೊಡೆತ ಜೋರಾಗಿರಲೇಬೇಕು. ಒಬ್ಬೊಬ್ಬರ ವೇಗಕ್ಕೂ ಒಂದು ಮಿತಿ ಬರುವುದು ಇಲ್ಲಿಯೇ. ಸಿಗುವ ಹೊತ್ತಿನಲ್ಲಿ ಬೇಕಾದಷ್ಟು ಬಲ ಕೊಡಲು ಕಾಲಿಗೆ ಆಗದೆ ಹೋದಾಗ ಅದಕ್ಕಿಂತ ವೇಗವಾಗಿ ಓಡುವುದು ಸಾಧ್ಯವಿಲ್ಲ.

ಮೊಣಕಾಲು ಎತ್ತುವುದು, ಹಿಮ್ಮಡಿ ಮಡಚುವುದು, ಪಾದದ ತುದಿಯನ್ನು ಮೇಲಕ್ಕೆಳೆದುಕೊಳ್ಳುವುದು ಎಲ್ಲವೂ ಈ ಹೊಡೆತದ ತಯಾರಿ. ಒಂದು ಕಾಲು ಒಂದು ಸುತ್ತು ಹಾಕುವುದನ್ನು ಈ ದೃಷ್ಟಿಯಿಂದ ನೋಡಿ.

ಪಾದ ನೆಲ ಬಿಡುವಲ್ಲಿಂದ ಆರಂಭಿಸೋಣ. ಹಳೆಯ ಪಾಠವೊಂದಿತ್ತು: ಕಾಲು ಹಿಂದೆ ಪೂರ್ತಿ ನೆಟ್ಟಗಾಗುವವರೆಗೆ ನೆಲವನ್ನು ತಳ್ಳಬೇಕು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್‌ನ ಬೆಳ್ಳಿ ಗೆದ್ದು, ಆಮೇಲೆ ಓಟದ ಚಲನೆಯನ್ನೇ ಅಳೆಯುತ್ತಾ ಬದುಕು ಕಳೆದ ರಾಲ್ಫ್ ಮ್ಯಾನ್ ಎಂಬ ಅಮೆರಿಕನ್ ಇದಕ್ಕೆ ತದ್ವಿರುದ್ಧವಾದದ್ದನ್ನು ತೋರಿಸಿದರು. ಪೂರ್ಣ ವೇಗದಲ್ಲಿರುವ ಶ್ರೇಷ್ಠ ಓಟಗಾರರ ಮೊಣಕಾಲು ನೆಲ ಬಿಡುವಾಗ ಇನ್ನೂ ಸ್ವಲ್ಪ ಬಾಗಿಯೇ ಇರುತ್ತದೆ. ಹಿಂದಕ್ಕೆ ತಳ್ಳುತ್ತಾ ನಿಂತರೆ ಕಾಲು ಹಿಂದೆಯೇ ಉಳಿದುಬಿಡುತ್ತದೆ, ಮುಂದೆ ಬರಲು ತಡವಾಗುತ್ತದೆ. ಮೈಯ ಹಿಂದೆ ನಡೆಯುವ ಕೆಲಸ ಆದಷ್ಟು ಚಿಕ್ಕದಾಗಿ, ಮುಂದೆ ನಡೆಯುವ ಕೆಲಸ ದೊಡ್ಡದಾಗಿ ಇರಬೇಕೆಂಬುದು ಅವರ ಅಳತೆಗಳ ಸಾರ.

ನೆಲ ಬಿಟ್ಟ ಕಾಲು ಮಡಚುತ್ತದೆ. ಹಿಮ್ಮಡಿ ಪೃಷ್ಠದ ಕೆಳಕ್ಕೆ ಬರುತ್ತದೆ, ಪಾದ ಇನ್ನೊಂದು ಕಾಲಿನ ಮೊಣಕಾಲಿನ ಎತ್ತರದಲ್ಲಿ ದಾಟಿ ಮುಂದೆ ಹೋಗುತ್ತದೆ. ಮಡಚುವುದೇಕೆ? ಉದ್ದನೆಯ ಕೋಲನ್ನು ಬೀಸುವುದಕ್ಕಿಂತ ಗಿಡ್ಡ ಕೋಲನ್ನು ಬೀಸುವುದು ಸುಲಭ, ಅಷ್ಟಕ್ಕೆ. ಇದನ್ನು ನೋಡಿಯೇ ನಮ್ಮ ಮೈದಾನಗಳಲ್ಲಿ ಹಿಮ್ಮಡಿಯಿಂದ ಹಿಂಭಾಗಕ್ಕೆ ಒದ್ದುಕೊಳ್ಳುವ ಡ್ರಿಲ್ಲನ್ನು ಮಕ್ಕಳಿಂದ ಸುತ್ತುಗಟ್ಟಲೆ ಮಾಡಿಸುತ್ತಾರೆ. ನನಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ. ತೊಡೆ ನೆಲದ ಕಡೆಗೇ ತೂಗಿಕೊಂಡಿದ್ದು ಹಿಮ್ಮಡಿ ಮಾತ್ರ ಹಿಂದೆ ಏಳುವುದನ್ನು ಅದು ಕಲಿಸುತ್ತದೆ. ನಿಜವಾದ ಓಟದಲ್ಲಿ ತೊಡೆ ಚುರುಕಾಗಿ ಮುಂದೆ ಬರುತ್ತದೆ, ಆ ರಭಸಕ್ಕೆ ಕೆಳಗಿನ ಕಾಲು ತಾನಾಗಿ ಮಡಚಿಕೊಳ್ಳುತ್ತದೆ. 'ಪಾದವನ್ನು ಇನ್ನೊಂದು ಮೊಣಕಾಲಿನ ಮೇಲಿಂದ ದಾಟಿಸು' ಎಂದು ಹೇಳಿಕೊಟ್ಟರೆ ತೊಡೆ ಮತ್ತು ಹಿಮ್ಮಡಿ ಎರಡೂ ಒಟ್ಟಿಗೆ ಸರಿಹೋಗುತ್ತವೆ.

ಆಮೇಲೆ ಮೊಣಕಾಲು ಮೇಲೇರುತ್ತದೆ. ತೊಡೆ ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರವಾಗುವ ಹತ್ತಿರಕ್ಕೆ ಬಂದರೆ ಸಾಕು. ಅದಕ್ಕಿಂತ ಎತ್ತಬೇಕೆಂದು ಹೊರಟರೆ ಬೆನ್ನು ಹಿಂದಕ್ಕೆ ವಾಲಿ ಸೊಂಟ ಕುಸಿಯುತ್ತದೆ. ಈ ಹಂತದಲ್ಲಿ ಪಾದದ ತುದಿ ಮೊಣಕಾಲಿನ ಕಡೆಗೆ ಎಳೆದುಕೊಂಡಿರಬೇಕು. ಜೋತುಬಿದ್ದ ಪಾದ ಮುಂದೆ ಹೇಳುವ ಹೊಡೆತಕ್ಕೆ ತಯಾರಿರುವುದಿಲ್ಲ. ಮೊಣಕಾಲು ಎತ್ತುವುದರ ಉಪಯೋಗ ಎತ್ತರದಲ್ಲಿಲ್ಲ, ಆ ಎತ್ತರದಿಂದ ಕೆಳಗಿಳಿಯುವುದರಲ್ಲಿದೆ. ಕಾಲಿಗೆ ವೇಗ ಪಡೆಯಲು ಜಾಗ ಸಿಗುವುದು ಆಗ.

ಮೇಲಿದ್ದ ತೊಡೆ ಈಗ ಜೋರಾಗಿ ಕೆಳಕ್ಕೂ ಹಿಂದಕ್ಕೂ ಬರಬೇಕು. ಇಡೀ ಸುತ್ತಿನಲ್ಲಿ ಓಟಗಾರ ಮನಸ್ಸಿಟ್ಟು ಮಾಡಬೇಕಾದ ಕೆಲಸ ಇದೊಂದೇ ಎಂದು ಹೇಳಿದರೂ ತಪ್ಪಾಗದು. ತೊಡೆ ಇಳಿಯುತ್ತಿದ್ದಂತೆ ಮೊಣಕಾಲಿನ ಕೆಳಗಿನ ಭಾಗ ತಾನಾಗಿ ಬಿಚ್ಚಿಕೊಳ್ಳುತ್ತದೆ. ನೀವು ಅದನ್ನು ಮುಂದಕ್ಕೆ ಒದೆಯಬೇಕಾಗಿಲ್ಲ, ಒದ್ದರೆ ಮೊದಲು ಹೇಳಿದ ಬ್ರೇಕ್ ಬೀಳುತ್ತದೆ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಅತಿ ಹೆಚ್ಚು ಎಳೆದುಕೊಂಡು ಅತಿ ಹೆಚ್ಚು ದುಡಿಯುವುದೂ ಇದೇ ಕ್ಷಣದಲ್ಲಿ. ಬಿಚ್ಚುತ್ತಿರುವ ಕಾಲನ್ನು ಅದು ತಡೆದು ಹಿಂದಕ್ಕೆ ಸೆಳೆಯುತ್ತದೆ. ಓಡುತ್ತಿದ್ದವರು ಫಕ್ಕನೆ ತೊಡೆಯ ಹಿಂಭಾಗ ಹಿಡಿದುಕೊಂಡು ಕುಂಟುತ್ತಾ ನಿಂತುಬಿಡುವುದನ್ನು ಟಿವಿಯಲ್ಲಿ ನೋಡಿರುತ್ತೀರಿ. ಹೆಚ್ಚಿನ ಸಲ ಸ್ನಾಯು ಹರಿಯುವುದು ಪಾದ ಇನ್ನೇನು ನೆಲ ಮುಟ್ಟಬೇಕು ಎನ್ನುವಾಗಲೇ.

ಈಗ ಪಾದ ನೆಲಕ್ಕೆ ಬಂತು. ಊರುವ ಜಾಗ ಮೈಯ ಭಾರ ನಿಂತಿರುವ ಗೆರೆಗಿಂತ ತುಸು ಮುಂದೆ, ಅಷ್ಟೇ. ಊರುವುದು ಅಂಗಾಲಿನ ಮುಂಭಾಗ, ಬೆರಳುಗಳ ಬುಡದ ಉಬ್ಬು. 'ತುದಿಗಾಲಲ್ಲಿ ಓಡು' ಎಂಬ ಮಾತನ್ನು ಅಕ್ಷರಶಃ ಹಿಡಿದು ಬೆರಳ ತುದಿಯಲ್ಲಿ ಓಡುವವರಿದ್ದಾರೆ. ಅವರ ಮೀನಖಂಡ ಬೇಗ ದಣಿಯುತ್ತದೆ, ಬಲವೂ ನೆಲಕ್ಕೆ ದಾಟುವುದಿಲ್ಲ. ಪಾದದ ಕೀಲು ಬಿಗಿಯಾಗಿರುವುದು ಇಲ್ಲಿ ಎಲ್ಲಕ್ಕಿಂತ ಮುಖ್ಯ. ಸಡಿಲವಿದ್ದರೆ ಹಿಮ್ಮಡಿ ಧೊಪ್ಪನೆ ಕುಸಿದು, ಕಷ್ಟಪಟ್ಟು ತಂದ ಬಲವೆಲ್ಲ ಅಲ್ಲೇ ಸೋರಿಹೋಗುತ್ತದೆ. ಬಿಗಿ ಇದ್ದರೆ ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು ಎಳೆದುಕೊಂಡು, ಮರುಕ್ಷಣವೇ ಚಿಮ್ಮಿ ಆ ಬಲವನ್ನು ವಾಪಸು ಕೊಡುತ್ತದೆ. ಮೊಣಕಾಲೂ ಸೊಂಟವೂ ಹಾಗೆಯೇ ಕುಸಿಯದೆ ನಿಲ್ಲಬೇಕು. ಒಳ್ಳೆಯ ಓಟಗಾರರ ಹೆಜ್ಜೆಯ ಸದ್ದನ್ನು ಕಿವಿಗೊಟ್ಟು ಕೇಳಿ, ಅದು ಚುಟುಕಾಗಿ, ಗರಿಗರಿಯಾಗಿ ಇರುತ್ತದೆ. ಎಳೆದಾಡುವ ಸದ್ದು ಬಂದರೆ ಪಾದ ಸಡಿಲವೆಂದೇ ಅರ್ಥ.

ಇಷ್ಟರಲ್ಲಿ ಇನ್ನೊಂದು ಕಾಲು ಎಲ್ಲಿದೆ? ಕಲಿಸುವವರು ಮೊದಲು ನೋಡಬೇಕಾದದ್ದು ಅದನ್ನೇ. ಒಂದು ಪಾದ ನೆಲ ಮುಟ್ಟುವ ಹೊತ್ತಿಗೆ ಗಾಳಿಯಲ್ಲಿರುವ ಕಾಲಿನ ಮೊಣಕಾಲು ಊರಿದ ಕಾಲಿನ ಪಕ್ಕಕ್ಕೆ ಬಂದಿರಬೇಕು. ಅದು ಇನ್ನೂ ಹಿಂದೆಯೇ ಇದ್ದರೆ, ಆ ಓಟಗಾರ ಪ್ರತಿ ಹೆಜ್ಜೆಯಲ್ಲೂ ತಡ ಮಾಡುತ್ತಿದ್ದಾನೆ. ಬರಿಗಣ್ಣಿಗೆ ಇದು ಕಾಣುವುದಿಲ್ಲ. ಇಂದಿನ ಹಲವು ಮೊಬೈಲ್‌ಗಳಲ್ಲಿ ಸೆಕೆಂಡಿಗೆ 240 ಚಿತ್ರ ತೆಗೆಯುವ ಸ್ಲೋ ಮೋಷನ್ ಇದೆ. ಟ್ರ್ಯಾಕಿನ ಬದಿಯಲ್ಲಿ, ಓಟಗಾರನಿಗೆ ನೇರ ಅಡ್ಡವಾಗಿ, ಸೊಂಟದೆತ್ತರದಲ್ಲಿ ಮೊಬೈಲ್ ಇಟ್ಟು ತೆಗೆಯಿರಿ. ಪಾದ ನೆಲ ಮುಟ್ಟಿದ ಚಿತ್ರದಿಂದ ಬಿಟ್ಟ ಚಿತ್ರದವರೆಗೆ ಎಣಿಸಿ. 24 ಬಂದರೆ ಸೆಕೆಂಡಿನ ಹತ್ತನೇ ಒಂದು ಭಾಗ. ಹೊಸಬರಿಗೆ ಮೂವತ್ತು ದಾಟುವುದು ಸಹಜ, ಬೇಸರ ಬೇಡ. ಮೊದಲ ವಿಡಿಯೊವನ್ನು ಅಳಿಸದೆ ಇಟ್ಟುಕೊಳ್ಳಿ.

ಕೈಗಳ ವಿಚಾರ ಚಿಕ್ಕದು. ಅವು ಕಾಲಿಗೆ ಎದುರಾಗಿ ಬೀಸಿ ಮೈ ತಿರುಚದಂತೆ ನೋಡಿಕೊಳ್ಳುತ್ತವೆ. ಭುಜದಿಂದ ಬೀಸಿ, ಎದೆಗೆ ಅಡ್ಡವಾಗಿ ತರಬೇಡಿ, ಮುಷ್ಟಿ ಬಿಗಿಯಬೇಡಿ.

ಇಲ್ಲಿಯವರೆಗೆ ಹೇಳಿದ್ದು ವೇಗ ಏರಿದ ಮೇಲಿನ ಓಟ. ಹೊರಡುವಾಗಿನ ಮೊದಲ ಹೆಜ್ಜೆಗಳ ಲೆಕ್ಕವೇ ಬೇರೆ. ಬೋಲ್ಟ್ ಅವರ ಬರ್ಲಿನ್ ಓಟವನ್ನು ಇಪ್ಪತ್ತಿಪ್ಪತ್ತು ಮೀಟರಿನ ತುಂಡುಗಳಾಗಿ ಕತ್ತರಿಸಿದರೆ ಹೀಗಿದೆ: 2.89, 1.75, 1.67, 1.61, 1.66 ಸೆಕೆಂಡು. ಮೊದಲ ತುಂಡಿಗೇ ಸುಮಾರು ಮೂರು ಸೆಕೆಂಡು. ಅತಿ ವೇಗದ ತುಂಡು 60ರಿಂದ 80 ಮೀಟರ್‌ವರೆಗಿನದು, ಗಂಟೆಗೆ 44 ಕಿಲೋಮೀಟರ್ ದಾಟಿದ ವೇಗ. ಕೊನೆಯ ಇಪ್ಪತ್ತರಲ್ಲಿ ಅವರ ವೇಗವೂ ಇಳಿದಿದೆ. 'ಕೊನೆಗೆ ಸ್ಪೀಡ್ ಹೆಚ್ಚಿಸು' ಎಂದು ಮಕ್ಕಳಿಗೆ ಹೇಳುವವರು ಈ ಕೊನೆಯ ಅಂಕಿಯನ್ನೊಮ್ಮೆ ನೋಡಬೇಕು. ಕೊನೆಯಲ್ಲಿ ಮುಂದೆ ಬಂದಂತೆ ಕಾಣುವವರು ಉಳಿದವರಿಗಿಂತ ಕಡಿಮೆ ನಿಧಾನವಾದವರು.

ಆ ಮೊದಲ ಇಪ್ಪತ್ತು ಮೀಟರಿನಲ್ಲಿ ಮೈ ಮುಂದಕ್ಕೆ ವಾಲಿರುತ್ತದೆ, ಬಲ ಹಿಂದಕ್ಕೆ ಹೋಗುತ್ತದೆ. ಪಾದ ಸೊಂಟದ ಕೆಳಗೆ ಅಥವಾ ಹಿಂದೆಯೇ ಊರುತ್ತದೆ, ಮೊಣಕಾಲಿನ ಕೆಳಗಿನ ಎಲುಬು ಮುಂದಕ್ಕೆ ಓರೆಯಾಗಿರುತ್ತದೆ, ಹಿಮ್ಮಡಿ ಮೇಲಕ್ಕೆ ಮಡಚದೆ ನೆಲಕ್ಕೆ ಹತ್ತಿರವಾಗಿ ಸಾಗುತ್ತದೆ. ಪಾದ ನೆಲದ ಮೇಲಿರುವ ಹೊತ್ತೂ ಹೆಚ್ಚು. ಕಾಲು ಹಿಂದಕ್ಕೆ ನೀಳವಾಗಿ ತಳ್ಳುವುದು ಇಲ್ಲಿ ಸರಿ. ಹಳೆಯ ಪಾಠ ಸುಳ್ಳಲ್ಲ, ಅದರ ಜಾಗ ಇದು. ಸೊಂಟದಲ್ಲಿ ಬಾಗಿ ತಲೆ ತಗ್ಗಿಸುವುದನ್ನೇ ವಾಲುವುದೆಂದು ತಿಳಿಯಬೇಡಿ. ತಲೆಯಿಂದ ಹಿಮ್ಮಡಿಯವರೆಗೆ ಒಂದೇ ಓರೆ ಗೆರೆ ಇರಬೇಕು. ವೇಗ ಏರಿದಂತೆ ಆ ಗೆರೆ ಹೆಜ್ಜೆ ಹೆಜ್ಜೆಗೂ ಸ್ವಲ್ಪ ಸ್ವಲ್ಪವಾಗಿ ನೆಟ್ಟಗಾಗುತ್ತದೆ.

ಕಂಬಳದ ಮಾತು ಇಲ್ಲಿ ಬಂದೇ ಬರುತ್ತದೆ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರ್ ಕೆಸರುಗದ್ದೆಯನ್ನು 13.62 ಸೆಕೆಂಡಿನಲ್ಲಿ ಓಡಿದಾಗ, ಅದನ್ನು ನೂರು ಮೀಟರಿಗೆ ಇಳಿಸಿ 9.55 ಸೆಕೆಂಡು ಎಂದು ಲೆಕ್ಕ ಹಾಕಿ ಬೋಲ್ಟ್‌ಗೆ ಹೋಲಿಸಿದರು. ದೇಶವೇ ಆ ಓಟದ ವಿಡಿಯೊ ನೋಡಿತು. ಗೌಡರ ಓಟ ಅಸಾಮಾನ್ಯವೇ, ಆದರೆ ಹೋಲಿಕೆ ಕೂಡುವುದಿಲ್ಲ. ಓಟಗಾರನನ್ನು ಮುಂದಕ್ಕೆ ಕೊಂಡೊಯ್ಯುವ ಬಲದ ದೊಡ್ಡ ಪಾಲು ಕೋಣಗಳದು. ಟ್ರ್ಯಾಕಿನಲ್ಲಿ ನಿಂತವರಿಗೆ ಎಳೆಯುವವರಿಲ್ಲ, ನಿಂತ ಜಾಗದಿಂದ ವೇಗವನ್ನೆಲ್ಲ ಸ್ವಂತ ಅಂಗಾಲಿನಿಂದಲೇ ಹುಟ್ಟಿಸಬೇಕು. ಕೆಸರಿನಲ್ಲಿ ಕೋಣಗಳ ಓಟಕ್ಕೆ ಸಮನಾಗಿ ಕಾಲು ಹಾಕುತ್ತಾ ಬೀಳದೆ ನಿಲ್ಲುವುದು ಬೇರೆಯೇ ವಿದ್ಯೆ, ಬೋಲ್ಟ್ ಅದನ್ನು ಮಾಡಲಾರರು.

ಇನ್ನು ಅಭ್ಯಾಸ. ಎ, ಬಿ, ಸಿ ಎಂದು ಹೆಸರಿಟ್ಟು ಎಲ್ಲ ಕಡೆ ಮಾಡಿಸುವ ಡ್ರಿಲ್‌ಗಳನ್ನು ರೂಪಿಸಿದವರು ಪೋಲೆಂಡಿನ ಕೋಚ್ ಗೆರಾರ್ಡ್ ಮಾಖ್. ಹೊಸಬರಿಗೆ ಅವುಗಳಲ್ಲಿ ಒಂದು ಸಾಕು: ಎ. ಮೊದಲು ನಡೆಯುತ್ತಾ ಮಾಡಿ. ಮೊಣಕಾಲು ಮೇಲೆ, ಹಿಮ್ಮಡಿ ಪೃಷ್ಠದ ಕೆಳಗೆ, ಪಾದದ ತುದಿ ಮೇಲಕ್ಕೆ, ಅಲ್ಲಿಂದ ಪಾದವನ್ನು ನೇರ ಸೊಂಟದ ಕೆಳಕ್ಕೆ ಹೊಡೆಯುವುದು. ಅದು ಸಲೀಸಾದ ಮೇಲೆ ಕುಪ್ಪಳಿಸುತ್ತಾ ಮಾಡಿ. ಇದರ ಜೊತೆಗೆ ಮೊಣಕಾಲು ಬಾಗಿಸದೆ ಪಾದದ ಬಿಗಿಯಿಂದಲೇ ಚಿಮ್ಮುವ ಸಣ್ಣ ಜಿಗಿತ: ಗಾಳಿ ತುಂಬಿದ ಚೆಂಡು ನೆಲಕ್ಕೆ ಬಿದ್ದಷ್ಟೇ ಚುರುಕಾಗಿ ಏಳಬೇಕು. ಮೂರನೆಯದು ಸಣ್ಣ ಏರಿನಲ್ಲಿ ಇಪ್ಪತ್ತು ಮೀಟರ್ ಓಟ. ಏರಿನಲ್ಲಿ ಕಾಲು ಚಾಚಲು ಆಗುವುದಿಲ್ಲ, ಮೈ ತಾನಾಗಿ ವಾಲುತ್ತದೆ, ಕೋಚ್ ಇಲ್ಲದವರಿಗೆ ಏರೇ ಕೋಚ್. ಮಲೆನಾಡಿನವರಿಗೆ ಜಾಗ ಹುಡುಕುವ ಕೆಲಸವೂ ಇಲ್ಲ. ಆದರೆ ಡ್ರಿಲ್ ಎಷ್ಟು ಚೆನ್ನಾಗಿ ಮಾಡಿದರೂ ಅದು ಓಟವಲ್ಲ. ಡ್ರಿಲ್‌ನಲ್ಲಿ ನಾಟ್ಯದಂತೆ ಕಾಣುವ ಮಕ್ಕಳು ಓಡತೊಡಗಿದ ಕೂಡಲೇ ಹಳೆಯ ಚಾಳಿಗೆ ಬೀಳುವುದು ಸಾಮಾನ್ಯ. ಡ್ರಿಲ್ ಮುಗಿದ ಬೆನ್ನಿಗೇ ಮೂವತ್ತು ಮೀಟರ್ ಓಡಿ, ಅದರಲ್ಲಿ ಒಂದೇ ಒಂದು ವಿಷಯವನ್ನು ಗಮನಿಸಿ.

ಎಲ್ಲರೂ ಒಂದೇ ಅಚ್ಚಿನಲ್ಲಿ ಓಡಬೇಕೆಂದಿಲ್ಲ. ಬೋಲ್ಟ್ ಅವರ ಬೆನ್ನುಮೂಳೆ ಹುಟ್ಟಿನಿಂದಲೇ ಸೊಟ್ಟ. ವೇಯಾಂಡ್ ಅವರ ಪ್ರಯೋಗಾಲಯದವರು 2017ರಲ್ಲಿ ಬೋಲ್ಟ್ ಓಟದ ವಿಡಿಯೊ ಅಳೆದಾಗ, ಬಲಗಾಲು ಎಡಗಾಲಿಗಿಂತ ಸುಮಾರು ಶೇಕಡ 13ರಷ್ಟು ಹೆಚ್ಚು ಬಲದಿಂದ ನೆಲಕ್ಕೆ ಬೀಳುತ್ತಿತ್ತು, ಎಡಗಾಲು ಸುಮಾರು ಶೇಕಡ 14ರಷ್ಟು ಹೆಚ್ಚು ಹೊತ್ತು ನೆಲದ ಮೇಲಿರುತ್ತಿತ್ತು. 1996ರ ಅಟ್ಲಾಂಟಾದಲ್ಲಿ 200 ಮೀಟರನ್ನು 19.32 ಸೆಕೆಂಡಿನಲ್ಲಿ ಓಡಿದ ಮೈಕೆಲ್ ಜಾನ್ಸನ್ ಕೋಲು ನುಂಗಿದವರಂತೆ ನೆಟ್ಟಗೆ, ಗಿಡ್ಡ ಹೆಜ್ಜೆ ಹಾಕುತ್ತಿದ್ದರು. ಇಬ್ಬರೂ ಪಠ್ಯಪುಸ್ತಕದ ಚಿತ್ರದಂತಿರಲಿಲ್ಲ. ಇಬ್ಬರ ಪಾದವೂ ಮಾತ್ರ ಬಿಗಿಯಾಗಿ, ಸರಿಯಾದ ಜಾಗಕ್ಕೆ ಬೀಳುತ್ತಿತ್ತು. ನಿಮ್ಮ ವಿಡಿಯೊದಲ್ಲಿ ಕೈ ಸ್ವಲ್ಪ ಸೊಟ್ಟಗೆ ಬೀಸಿದರೆ ಅದನ್ನು ಆಮೇಲೆ ನೋಡಿಕೊಳ್ಳೋಣ, ಪಾದ ಎಲ್ಲಿ ಬೀಳುತ್ತಿದೆ ಎಂಬುದನ್ನು ಮೊದಲು ನೋಡಿ.

ಕೊನೆಗೆ ವಿಶ್ರಾಂತಿ. ಸುಸ್ತಾದ ಕಾಲು ಈ ಪಾಠವನ್ನು ಕಲಿಯಲಾರದು. ಪ್ರತಿ ಹತ್ತು ಮೀಟರಿನ ಪೂರ್ಣ ವೇಗದ ಓಟಕ್ಕೆ ಒಂದು ನಿಮಿಷ ಬಿಡುವು ಎಂಬುದು ಕೋಚ್‌ಗಳು ಬಳಸುವ ಲೆಕ್ಕ. ಮೂವತ್ತು ಮೀಟರ್ ಓಡಿದರೆ ಮೂರು ನಿಮಿಷ ಸುಮ್ಮನೆ ಅಡ್ಡಾಡಿ. ಉಸಿರು ಬೇಗ ಹಿಡಿತಕ್ಕೆ ಬಂದರೂ ಅವಸರ ಮಾಡಬೇಡಿ. ನರಗಳೂ ಸ್ನಾಯುಗಳೂ ತಯಾರಾಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಇಂಥ ಓಟ ದಿನಕ್ಕೆ ಐದಾರು ಸಾಕು, ವಾರಕ್ಕೆ ಎರಡು ಮೂರು ದಿನ, ನಡುವೆ ಒಂದು ದಿನವಾದರೂ ಬಿಟ್ಟು. ಓಟವಿಲ್ಲದ ದಿನ ಹ್ಯಾಮ್‌ಸ್ಟ್ರಿಂಗ್ ಗಟ್ಟಿ ಮಾಡಿಕೊಳ್ಳಿ: ಮಂಡಿಯೂರಿ ನಿಂತು, ಹಿಂದಿನಿಂದ ಯಾರಾದರೂ ಹಿಮ್ಮಡಿ ಅದುಮಿ ಹಿಡಿಯಲಿ, ಮೈಯನ್ನು ನೆಟ್ಟಗಿಟ್ಟುಕೊಂಡು ಆದಷ್ಟು ನಿಧಾನವಾಗಿ ಮುಂದಕ್ಕೆ ಬಾಗಿ, ತಡೆಯಲಾಗದಾಗ ಕೈ ಊರಿ. ಮೊದಲ ದಿನ ನಾಲ್ಕೈದು ಸಲ ಮಾಡಿದರೆ ಮರುದಿನ ಮೆಟ್ಟಿಲಿಳಿಯುವಾಗ ಗೊತ್ತಾಗುತ್ತದೆ. ಓಡುವಾಗ ತೊಡೆಯ ಹಿಂಭಾಗ ಸ್ವಲ್ಪ ಬಿಗಿದಂತೆ ಅನ್ನಿಸಿದರೂ ಆ ದಿನದ ಓಟವನ್ನು ಅಲ್ಲಿಗೇ ನಿಲ್ಲಿಸಿ, ಇನ್ನೊಂದು ಸಲ ನೋಡೋಣ ಎಂದುಕೊಳ್ಳಬೇಡಿ. ಸ್ಪೈಕ್ ಶೂ, ಪಾದ ಊರಿ ಹೊರಡುವ ಸ್ಟಾರ್ಟಿಂಗ್ ಬ್ಲಾಕ್ ಇವೆಲ್ಲ ಎರಡು ಮೂರು ತಿಂಗಳ ಆಮೇಲಿನ ಮಾತು. ಸದ್ಯಕ್ಕೆ ಹುಲ್ಲಿನ ಮೈದಾನ, ಹಗುರವಾದ ಶೂ, ಒಂದು ಮೊಬೈಲ್ ಮತ್ತು ಅದನ್ನು ಹಿಡಿಯಲು ಒಬ್ಬ ಗೆಳೆಯ ಇದ್ದರೆ ಸಾಕು.